ಟಾಮಿ ಜ್ಯಾರೆಲ್: ಒಂಟಿ ಪಿಟೀಲೋ, ಬ್ಯಾಂಜೊ ಜೊತೆಯೋ?

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಹಳೇ ಪಿಟೀಲು ಸಂಗೀತ ಕೇಳಬೇಕು ಅಂತಿದ್ದರೆ ಟಾಮಿ ಜ್ಯಾರೆಲ್ (1901–1985) ಅವರಿಂದ ಶುರು ಮಾಡಿ. ನಾರ್ತ್ ಕೆರೊಲಿನಾದ ರೌಂಡ್ ಪೀಕ್ ಕಡೆಯವರು. ಹೆದ್ದಾರಿ ಇಲಾಖೆಯಲ್ಲಿ ದುಡಿದು, ನಿವೃತ್ತಿಯ ನಂತರ ಹೆಸರಾದವರು. ಕೌಂಟಿ ರೆಕಾರ್ಡ್ಸ್ ಎಂಬ ಕಂಪನಿ ತಂದ ಅವರ ಆಲ್ಬಂಗಳ ಪೈಕಿ ಈ ಎರಡರಲ್ಲಿ ಯಾವುದನ್ನು ಮೊದಲು ಕೇಳಬೇಕು?

1968ರ 'ಡೌನ್ ಟು ದ ಸೈಡರ್ ಮಿಲ್'ನಲ್ಲಿ ಫ್ರೆಡ್ ಕಾಕರ್‌ಹ್ಯಾಮ್, ಆಸ್ಕರ್ ಜೆಂಕಿನ್ಸ್ ಎಂಬ ವಾದಕರು ಜೊತೆಗಿದ್ದಾರೆ. ಪಿಟೀಲೂ, ಮೀಟಿ ನುಡಿಸುವ ತಂತಿವಾದ್ಯ ಬ್ಯಾಂಜೊವೂ ಒಂದೇ ಧಾಟಿಯನ್ನು ಹೆಣೆಯುತ್ತಾ ಓಡುತ್ತವೆ. ಮೂಲತಃ ಕುಣಿತದ ಸಂಗೀತ ಅಲ್ವಾ, ಕಾಲು ಸುಮ್ನೆ ಇರುವುದಿಲ್ಲ.

1976ರ 'ಸೇಲ್ ಅವೇ ಲೇಡೀಸ್'ನಲ್ಲಿ ಪಿಟೀಲು ಒಂದೇ, ಅಲ್ಲಲ್ಲಿ ಅವರ ಹಾಡು. ಪಕ್ಕವಾದ್ಯವಿಲ್ಲ. ಆದರೂ ಏನೋ ಕಮ್ಮಿ ಅನ್ನಿಸುವುದಿಲ್ಲ. ಈ ಕಡೆಯವರು ಧಾಟಿಗೆ ತಕ್ಕಂತೆ ತಂತಿಗಳ ಶ್ರುತಿಯನ್ನೇ ಬದಲಿಸುತ್ತಾರೆ. ಪಕ್ಕದ ತಂತಿಯೂ ಜೊತೆಗೇ ಮೊಳಗುತ್ತದೆ, ತಂಬೂರಿಯ ಹಾಗೆ. ಲಯವೆಲ್ಲ ಕಮಾನಿನ ಸಣ್ಣ ಒದೆತಗಳಲ್ಲೇ ಇದೆ. ದನಿ ಒರಟು, ನನಗಂತೂ ಅದೇ ಇಷ್ಟ.

ಹೊಸಬರಿಗೆ ಮೊದಲನೆಯದು ಸುಲಭ. ಪಿಟೀಲು ಕಲಿಯುವವರು, ಕರ್ನಾಟಕ ಸಂಗೀತದವರೂ ಸೇರಿ, ನೇರವಾಗಿ ಎರಡನೆಯದನ್ನೇ ಹಾಕಿ. ಕಮಾನಿನ ಕೆಲಸ ಅಲ್ಲಿ ಜಾಸ್ತಿ ಸ್ಪಷ್ಟವಾಗಿ ಕೇಳುತ್ತದೆ.