ಗಿಲಿ ದ್ವೀಪದಿಂದ ವಾಪಸ್ ಬರುವ ದಿನ ವಿಮಾನ ಇಟ್ಟುಕೊಳ್ಳಬೇಡಿ

ಬಾಲಿಗೆ ಹೋಗುವವರಲ್ಲಿ ಬಹಳ ಜನ ಈಗ ಗಿಲಿ ದ್ವೀಪಗಳಿಗೂ ಹೋಗಿ ಬರುತ್ತಿದ್ದಾರೆ. ನೀವೂ ಹೋಗುವವರಿದ್ದರೆ ದಯವಿಟ್ಟು ಒಂದು ಮಾತು ಕೇಳಿ. ಗಿಲಿಯಿಂದ ಬಾಲಿಗೆ ಮರಳುವ ದಿನವೇ ಊರಿಗೆ ಹೊರಡುವ ವಿಮಾನ ಬುಕ್ ಮಾಡಬೇಡಿ. ಬೋಟ್ ಟಿಕೆಟ್ ಮಾರುವವರು ಎಷ್ಟೇ ಗ್ಯಾರಂಟಿ ಕೊಟ್ಟರೂ ಬೇಡ. ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇಂಡೋನೇಷ್ಯಾದಲ್ಲಿ ಬಾಲಿಯ ಪೂರ್ವಕ್ಕಿರುವ ಲೊಂಬೊಕ್ ದ್ವೀಪದ ವಾಯವ್ಯ ಮೂಲೆಯ ಪಕ್ಕದಲ್ಲೇ ಮೂರು ಪುಟ್ಟ ದ್ವೀಪಗಳಿವೆ: ಗಿಲಿ ತ್ರವಾಂಗನ್, ಗಿಲಿ ಮೆನೊ, ಗಿಲಿ ಏರ್. ಕಾರು, ಸ್ಕೂಟರ್ ಇಲ್ಲ. ಸೈಕಲ್ ತುಳಿಯಬೇಕು, ನಡೆಯಬೇಕು, ಇಲ್ಲವೇ ಚಿದೊಮೊ ಅನ್ನುವ ಕುದುರೆ ಗಾಡಿ ಹತ್ತಬೇಕು. ಮೂರರಲ್ಲಿ ದೊಡ್ಡದಾದ ತ್ರವಾಂಗನ್ ಕೂಡ ಸುಮಾರು 3 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲ, ಅಷ್ಟೇ. ನೀರಿಗಿಳಿದರೆ ಕಡಲಾಮೆಗಳು ಕಾಣುತ್ತವೆ. ದ್ವೀಪದ ಬಗ್ಗೆ ನನ್ನದೇನೂ ದೂರಿಲ್ಲ. ಅಲ್ಲಿಂದ ಹೊರಗೆ ಬರುವ ದಾರಿಯ ಬಗ್ಗೆ ಮಾತ್ರ ಹೇಳಬೇಕಿದೆ.

ನಾವು ಹೋದದ್ದು ಆಗಸ್ಟ್‌ನಲ್ಲಿ. ಬಾಲಿಯಲ್ಲಿ ಹೋಗಿ ಬರುವ ಫಾಸ್ಟ್ ಬೋಟ್ ಟಿಕೆಟ್ ಕೊಂಡೆವು. ಅದನ್ನು 'ಓಪನ್ ರಿಟರ್ನ್' ಅಂತ ಮಾರುತ್ತಾರೆ. ವಾಪಸಿನ ದಿನವನ್ನು ಆಮೇಲೆ ತಿಳಿಸಿದರೆ ಸಾಕು, ಏರ್‌ಪೋರ್ಟ್‌ವರೆಗೆ ಬಿಡುವುದೂ ಅದರಲ್ಲೇ ಸೇರಿದೆ ಅಂದರು. ರಾತ್ರಿ ವಿಮಾನವಿದೆ ಅಂತ ಟಿಕೆಟ್ ಕೊಳ್ಳುವಾಗಲೇ ಸ್ಪಷ್ಟವಾಗಿ ಹೇಳಿದ್ದೆವು. "ಮಧ್ಯಾಹ್ನಕ್ಕೆಲ್ಲ ಬಾಲಿಯಲ್ಲಿರುತ್ತೀರಿ, ಚಿಂತೆ ಬೇಡ" ಅಂದರು. ಹಿಂದಿನ ದಿನ ವಾಟ್ಸಾಪ್‌ನಲ್ಲಿ ಸೀಟು ಖಚಿತ ಮಾಡಿಕೊಂಡೆವು. ಬೆಳಿಗ್ಗೆ ಒಂಬತ್ತೂವರೆಗೆ ಜೆಟ್ಟಿಗೆ ಬನ್ನಿ ಅಂತ ಉತ್ತರವೂ ಬಂತು.

ಬೋಟ್ ಬಂದದ್ದು ಮಧ್ಯಾಹ್ನ ಎರಡು ದಾಟಿದ ಮೇಲೆ. ನಡುವೆ ಎಷ್ಟು ಸಲ ಕೇಳಿದರೂ ಕೌಂಟರಿನಲ್ಲಿದ್ದ ಹುಡುಗ "ಇನ್ನು ಹತ್ತು ನಿಮಿಷ" ಅಂತಲೇ ಹೇಳಿದ. ಗಾಳಿ ಜೋರಾಗಿದೆ ಅಂತ ಪಕ್ಕದ ಕಂಪನಿಯವರು ಆ ದಿನದ ಬೋಟ್ ರದ್ದು ಮಾಡಿ ತಮ್ಮ ಜನಕ್ಕೆ ಹೇಳಿ ಕಳಿಸಿದ್ದರು. ನಮ್ಮ ಬೋಟಿನವರು ಬಾಯಿ ಬಿಡಲಿಲ್ಲ. ಎರಡು ಟ್ರಿಪ್ಪಿನ ಜನರನ್ನು ಒಂದೇ ಬೋಟಿಗೆ ತುಂಬಿದರು. ಸೂಟ್‌ಕೇಸುಗಳು ನಡುವಿನ ದಾರಿಯಲ್ಲಿ ಎದೆ ಮಟ್ಟಕ್ಕೆ ಪೇರಿದ್ದವು. ಹಿಂದಿನ ಬಾಗಿಲಿಗೆ ಹೋಗಬೇಕೆಂದರೆ ಅವುಗಳ ಮೇಲೇ ಹತ್ತಿ ಹೋಗಬೇಕು. ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದೆ. ಮುಂದುಗಡೆ ಬ್ಯಾಗುಗಳ ಅಡಿ ತೋರಿಸಿದರು. ನಾನೇ ಹೋಗಿ ಎಳೆದು ತಂದೆ. ಒಂದಕ್ಕೆ ಪಟ್ಟಿ ಹರಿದಿತ್ತು, ಮಗಳ ಅಳತೆಯದು ಒಂದೂ ಇರಲಿಲ್ಲ.

ಬಾಲಿಗೂ ಲೊಂಬೊಕ್‌ಗೂ ನಡುವಿನ ಜಲಸಂಧಿ ಸಾಮಾನ್ಯ ನೀರಲ್ಲ. ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿದು ಬರುವ ಹಾದಿಗಳಲ್ಲಿ ಇದೂ ಒಂದು. ಹೆಚ್ಚಿನ ಹೊತ್ತು ಸೆಳೆತ ಉತ್ತರದಿಂದ ದಕ್ಷಿಣಕ್ಕೆ. ದಕ್ಷಿಣದ ತೆರೆದ ಸಾಗರದಿಂದ ಉಬ್ಬಿ ಬರುವ ಅಲೆಗಳು ಅದಕ್ಕೆ ಎದುರಾಗುತ್ತವೆ. ಹರಿಯುವ ನೀರಿಗೆ ಎದುರು ಬಂದ ಅಲೆಗಳ ನಡುವಿನ ಅಂತರ ಕಮ್ಮಿಯಾಗಿ, ಅವು ಕಡಿದಾಗಿ ಎದ್ದು ನಿಲ್ಲುತ್ತವೆ. ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದ ಗಾಳಿಯೂ ಸೇರಿಕೊಳ್ಳುತ್ತದೆ. ಆಕಾಶ ನೀಲಿಯಾಗಿ, ಬಿಸಿಲು ಚೆನ್ನಾಗಿದ್ದರೂ ಕಡಲು ಕೆಟ್ಟಿರುವುದು ಇದಕ್ಕೇ. ಮಳೆಗಾಲ ಅಲ್ವಲ್ಲ, ಏನಾಗುತ್ತೆ ಅಂದುಕೊಳ್ಳಬೇಡಿ.

ನಡುಗಡಲಿನಲ್ಲಿ ಎಂಜಿನ್ ನಿಂತಿತು. ಓಡುತ್ತಿರುವಾಗ ಬೋಟ್ ಅಲೆಗಳನ್ನು ಸೀಳಿಕೊಂಡು ಹೋಗುತ್ತದೆ, ನಿಂತರೆ ಅಡ್ಡ ತಿರುಗಿ ಅಲೆಗೆ ಮೈ ಕೊಡುತ್ತದೆ. ಒಂದು ಮಗ್ಗುಲು ಪೂರ್ತಿ ಕೆಳಗೆ ಹೋಗಿ, ಕಿಟಕಿಯಲ್ಲಿ ಬರೀ ನೀರು ಕಾಣುತ್ತಿತ್ತು. ಡೀಸೆಲ್ ವಾಸನೆ, ವಾಂತಿ, ಮಕ್ಕಳ ಅಳು. ಅತ್ತೆ ನನ್ನ ಕೈ ಬಿಡಲೇ ಇಲ್ಲ. ಸಿಬ್ಬಂದಿಯಲ್ಲಿ ಒಬ್ಬನೂ ಒಳಗೆ ಬಂದು ಏನಾಗಿದೆ ಅಂತ ಹೇಳಲಿಲ್ಲ. ಇವತ್ತಿಗೂ ನನಗೆ ಸಿಟ್ಟು ಬರುವುದು ಅದಕ್ಕೇ. ಎಂಜಿನ್ ಯಾರದ್ದಾದರೂ ಕೆಡಬಹುದು. ಜನರಿಗೆ ಹೇಳಬೇಕು, ಜಾಕೆಟ್ ಹಾಕಿಸಬೇಕು. ಇದೇ ದಾರಿಯಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಬಾಲಿಯ ಪಾದಂಗ್ ಬಾಯಿ ಬಂದರಿನಿಂದ ಗಿಲಿಗೆ ಹೊರಟ ಫಾಸ್ಟ್ ಬೋಟ್ ಒಂದರಲ್ಲಿ ಸ್ಫೋಟವಾಗಿ ಪ್ರವಾಸಿಗರು ಸತ್ತಿದ್ದಾರೆ. ಅಪಾಯ ಬರೀ ನಮ್ಮ ಭಯವಲ್ಲ.

ಅರ್ಧ ಗಂಟೆಯ ಹತ್ತಿರ ಹಾಗೇ ತೇಲಿದೆವು. ಆಮೇಲೆ ಒಂದು ಎಂಜಿನ್ ಹೇಗೋ ಶುರುವಾಯಿತು. ಎರಡು ಗಂಟೆಯೊಳಗೆ ಮುಗಿಯಬೇಕಿದ್ದ ದಾರಿ. ಪಾದಂಗ್ ಬಾಯಿ ಬಂದರು ಮುಟ್ಟುವಾಗ ಕತ್ತಲಾಗಿತ್ತು. ಏರ್‌ಪೋರ್ಟ್‌ಗೆ ಬಿಡಬೇಕಿದ್ದ ವ್ಯಾನ್ ಇರಲಿಲ್ಲ, ಫೋನ್ ಎತ್ತುವವರೂ ಇರಲಿಲ್ಲ. ಅಲ್ಲಿಂದ ಏರ್‌ಪೋರ್ಟ್ ರಸ್ತೆಯಲ್ಲಿ ಒಂದೂವರೆ ಗಂಟೆ. ಟ್ಯಾಕ್ಸಿ ಹಿಡಿದು ಹೋದರೂ ವಿಮಾನ ಸಿಗಲಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಟ್ರಾವೆಲ್ ಇನ್ಶೂರೆನ್ಸ್‌ನವರು ಬೋಟ್ ತಡವಾದದ್ದಕ್ಕೆ ಕಂಪನಿಯ ಪತ್ರ ಕೇಳಿದರು. ಕಂಪನಿಯವರು "ಹವಾಮಾನ" ಅಂತ ಒಂದೇ ಪದದ ಮೆಸೇಜ್ ಹಾಕಿ ಸುಮ್ಮನಾದರು. ಹಾಗಾಗಿ ಏನೂ ಸಿಗಲಿಲ್ಲ. ನಿಮಗೆ ಹೀಗಾದರೆ ಜೆಟ್ಟಿಯ ಕೌಂಟರಿನಲ್ಲೇ ಸಮಯ, ಸಹಿ ಸಮೇತ ಬರೆಸಿಕೊಳ್ಳಿ. ಬೋಟ್ ಹೊರಟ ಮೇಲೆ ಯಾರೂ ಬರೆದುಕೊಡುವುದಿಲ್ಲ. ವೀಸಾ ದಿನಗಳನ್ನೂ ನೋಡಿಕೊಳ್ಳಿ. ಆನ್ ಅರೈವಲ್ ವೀಸಾ 30 ದಿನಕ್ಕೆ. ಅವಧಿ ಮೀರಿದರೆ ಒಬ್ಬರಿಗೆ ದಿನಕ್ಕೆ 10 ಲಕ್ಷ ರುಪಿಯಾ ದಂಡ.

ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಗಿಲಿಯನ್ನು ಪ್ರವಾಸದ ಮೊದಲಿಗೋ ನಡುವಿಗೋ ಇಟ್ಟುಕೊಳ್ಳಿ, ಕೊನೆಯ ಒಂದು ರಾತ್ರಿಯಾದರೂ ಬಾಲಿಯ ನೆಲದ ಮೇಲೆ ಕಳೆಯಿರಿ. ಹೊರಡುವ ಮುನ್ನಾದಿನ ಅಲ್ಲಿನ ಸರಕಾರಿ ಹವಾಮಾನ ಸಂಸ್ಥೆ ಬಿಎಂಕೆಜಿ ಕೊಡುವ ಅಲೆಗಳ ಮುನ್ಸೂಚನೆ ನೋಡಿ. ಬೆಳಗಿನ ಮೊದಲ ಬೋಟನ್ನೇ ಕೇಳಿ, ಮಧ್ಯಾಹ್ನದ ಮೇಲೆ ಗಾಳಿ ಸಾಮಾನ್ಯವಾಗಿ ಜಾಸ್ತಿ. ಹತ್ತುವ ಮೊದಲು ಜಾಕೆಟ್ ಕಣ್ಣಿಗೆ ಕಾಣಬೇಕು, ಬೋಟಿನೊಳಗೆ ನಡುವಿನ ದಾರಿ ಖಾಲಿ ಇರಬೇಕು. ಇಲ್ಲದಿದ್ದರೆ ಇಳಿದುಬಿಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ಇನ್ನೊಂದು ದಾರಿಯಿದೆ, ಬೋಟ್ ಟಿಕೆಟ್ ಮಾರುವವರು ಯಾರೂ ಹೇಳುವುದಿಲ್ಲ. ಗಿಲಿಯಿಂದ ಲೊಂಬೊಕ್‌ನ ಬಂಗ್ಸಾಲ್‌ಗೆ ಊರ ಜನ ಓಡಾಡುವ ದೋಣಿಗಳಿವೆ. ತುಂಬಿದ ಮೇಲೆ ಹೊರಡುತ್ತವೆ, ದೂರ ಕಡಿಮೆ. ಅಲ್ಲಿಂದ ರಸ್ತೆಯಲ್ಲಿ ಲೆಂಬಾರ್ ಬಂದರಿಗೆ ಹೋದರೆ ವಾಹನಗಳನ್ನೂ ಸಾಗಿಸುವ ದೊಡ್ಡ ಹಡಗು ಹಗಲು ರಾತ್ರಿ ಪಾದಂಗ್ ಬಾಯಿಗೆ ಓಡುತ್ತದೆ. ನಾಲ್ಕೈದು ಗಂಟೆ ಹಿಡಿಯುತ್ತದೆ, ಆದರೆ ಅಷ್ಟು ಕುಲುಕುವುದಿಲ್ಲ. ವಯಸ್ಸಾದವರು, ಬೆನ್ನು ನೋವಿನವರು, ಗರ್ಭಿಣಿಯರು ಜೊತೆಗಿದ್ದರೆ ಫಾಸ್ಟ್ ಬೋಟಿನ ಯೋಚನೆಯನ್ನೇ ಬಿಟ್ಟು ಬಾಲಿಯಿಂದ ಲೊಂಬೊಕ್‌ಗೆ ವಿಮಾನದಲ್ಲೇ ಹೋಗಿ ಬನ್ನಿ. ಕಡಲ ದಾರಿ ಆಗ ಬಂಗ್ಸಾಲ್‌ನಿಂದ ಗಿಲಿವರೆಗೆ ಮಾತ್ರ.