ಕಾಡು ಮಿಂಕ್ ನೋಡಲು ಕಡಲತೀರವೋ, ಒಳನಾಡಿನ ಜೌಗೋ?

ಕೆನಡಾದಲ್ಲಿ ಕಾಡು ಮಿಂಕ್ (ನೀರಿನ ಬಳಿ ಬದುಕುವ, ಉದ್ದ ಮೈಯ ಸಣ್ಣ ಮಾಂಸಾಹಾರಿ ಪ್ರಾಣಿ) ನೋಡಬೇಕು ಅನ್ನುವವರಿಗೆ ಎರಡು ದಾರಿ ಇವೆ: ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪದ ಬಂಡೆ ತೀರ, ಇಲ್ಲವೇ ಒಳನಾಡಿನ ಜೌಗು, ತೊರೆಗಳು. ನನ್ನ ಮತ ಕಡಲತೀರಕ್ಕೆ.

ಒಳನಾಡಿನ ಮಿಂಕ್ ಹೆಚ್ಚಾಗಿ ರಾತ್ರಿ, ಮುಸ್ಸಂಜೆ, ನಸುಕಿನಲ್ಲಿ ಓಡಾಡುತ್ತದೆ. ಕರಾವಳಿಯ ಮಿಂಕ್ ಹಾಗಲ್ಲ. ಸಮುದ್ರ ಇಳಿದಾಗ ಅದು ಹಗಲಲ್ಲೇ ಹೊರಬರುತ್ತದೆ. ಬಂಡೆಗಳ ಸಂದಿಗೆ ತಲೆ ತೂರಿಸಿ ಏಡಿ, ಸಣ್ಣ ಮೀನು ಹಿಡಿಯುತ್ತದೆ. ಎಂಥ ಚುರುಕು ಅಂತೀರಿ! ಹಾಗಾಗಿ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡು ಹೋಗಿ, ಒಂದೇ ಕಡೆ ಸದ್ದಿಲ್ಲದೆ ಕೂತುಕೊಳ್ಳಿ.

ಜೌಗಿನಲ್ಲಿ ಪ್ರಾಣಿಗಿಂತ ಅದರ ಗುರುತುಗಳೇ ಜಾಸ್ತಿ ಸಿಗುತ್ತವೆ. ಕೆಸರಲ್ಲಿ ಹೆಜ್ಜೆ, ಮರದ ಬೇರಿನಡಿ ಬಿಲ. ಮಸ್ಕ್‌ರಾಟ್‌ಗಳನ್ನು (ಜೌಗಿನಲ್ಲಿ ಬದುಕುವ ದೊಡ್ಡ ಇಲಿಯಂಥ ಪ್ರಾಣಿ) ಬೇಟೆಯಾಡುವ ಮಿಂಕ್ ಅವುಗಳ ಬಿಲದಲ್ಲೇ ಬೀಡುಬಿಡುವುದೂ ಉಂಟು. ಹಿಮದ ಮೇಲೆ ಹೆಜ್ಜೆ ಹುಡುಕುವ ಆಸೆಯಿದ್ದರೆ ಒಳನಾಡೇ ಸರಿ.

ಎರಡೂ ಕಡೆ ಮಿಂಕ್ ಒಂಟಿಯಾಗಿಯೇ ಬದುಕುತ್ತದೆ. ಗುಂಪು ಕಂಡರೆ ಅದು ಮರಿಗಳ ಜೊತೆಗಿನ ತಾಯಿ, ಇಲ್ಲವೇ ನೀರುನಾಯಿಗಳು. ಗಾತ್ರ ನೋಡಿದರೆ ಗೊತ್ತಾಗುತ್ತದೆ: ಅಲ್ಲಿನ ನೀರುನಾಯಿ 5ರಿಂದ 14 ಕೆಜಿ, ಗಂಡು ಮಿಂಕ್ ಸುಮಾರು 1 ಕೆಜಿ. ಮಿಂಕ್‌ನ ಗದ್ದದಲ್ಲಿ ಬಿಳಿ ಮಚ್ಚೆಯೂ ಇರುತ್ತದೆ. ವಸಂತ, ಬೇಸಿಗೆ ಮರಿಗಳಿರುವ ಕಾಲ, ದಯವಿಟ್ಟು ಬಿಲದ ಹತ್ತಿರ ಹೋಗಬೇಡಿ.