ಮೂರು ವರ್ಷ ಬಳಸಿದ ವಿಆರ್ ಹೆಡ್‌ಸೆಟ್: ಇನ್ನಷ್ಟು ಪಿಕ್ಸೆಲ್ ಬೇಡ, ಭಾರ ಇಳಿಸಿ

ಮುಖಕ್ಕೆ ಕಟ್ಟಿಕೊಂಡರೆ ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೇ ಇದ್ದಂತೆ ಅನಿಸುವ ಈ ವಿಆರ್ ಹೆಡ್‌ಸೆಟ್ ತಂದು ಮೂರು ವರ್ಷ ಆಯಿತು. ಚಿಪ್ ಯಾವುದು, ರೆಸಲ್ಯೂಷನ್ ಎಷ್ಟು ಅನ್ನೋದೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಹೇಳಬೇಕಿರುವುದು ಭಾರದ ಬಗ್ಗೆ.

ಅರ್ಧ ಕೆಜಿ. ಕೈಯಲ್ಲಿ ಹಿಡಿದರೆ ಏನೂ ಅನಿಸುವುದಿಲ್ಲ. ಆದರೆ ಅಷ್ಟೂ ಭಾರ ಮೂಗಿನ ಮುಂದೆ ಜೋತು ಬೀಳುತ್ತದೆ. ಇಪ್ಪತ್ತು ನಿಮಿಷಕ್ಕೆ ಕೆನ್ನೆ ಮೂಳೆ ನೋಯುತ್ತದೆ. ನಲವತ್ತಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಪಟ್ಟಿ ಸಡಿಲ ಬಿಟ್ಟರೆ ಕೆಳಗೆ ಜಾರಿ ಅಕ್ಷರ ಮಸುಕಾಗುತ್ತದೆ, ಬಿಗಿ ಮಾಡಿದರೆ ತಲೆನೋವು. ಮೊದಲ ವರ್ಷ ಎರಡು ತಿಂಗಳು ಅದು ಬೀರುವಿನಲ್ಲೇ ಇತ್ತು. ಇಷ್ಟು ದುಡ್ಡು ಕೊಟ್ಟು ತಂದು ಹೀಗಾಯಿತಲ್ಲ ಎಂದು ನಿಜವಾಗಿ ಬೇಸರವಾಗಿತ್ತು.

ಆಮೇಲೆ ಪಟ್ಟಿಯ ಹಿಂಭಾಗಕ್ಕೆ ಒಂದು ಸಣ್ಣ ಪವರ್ ಬ್ಯಾಂಕನ್ನು ವೆಲ್ಕ್ರೋ ಹಾಕಿ ಕಟ್ಟಿದೆ. ಒಟ್ಟು ತೂಕ ಜಾಸ್ತಿ ಆಯಿತು, ಮುಖ ಮಾತ್ರ ಹಗುರಾಯಿತು! ತಕ್ಕಡಿಯ ಎರಡೂ ತಟ್ಟೆ ಸಮ ಆದ ಹಾಗೆ. ಎರಡು ಗಂಟೆಗೆ ಮುಗಿಯುತ್ತಿದ್ದ ಚಾರ್ಜೂ ಈಗ ಇನ್ನಷ್ಟು ಹೊತ್ತು ಬರುತ್ತದೆ.

ಈಗ ದಿನಾ ಸಂಜೆ ಅದೇ ಕ್ರಮ. ಮೊದಲು ಕಿಟಕಿಯ ಪರದೆ ಎಳೆಯುತ್ತೇನೆ. ಬಿಸಿಲು ಲೆನ್ಸ್ ಮೇಲೆ ಬಿದ್ದರೆ ಭೂತಗನ್ನಡಿಯಂತೆ ಕೆಲಸ ಮಾಡಿ ಒಳಗಿನ ಪರದೆಯನ್ನೇ ಸುಡುತ್ತದೆ. ನಂತರ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಲೆನ್ಸನ್ನು ನಡುವಿನಿಂದ ಅಂಚಿನ ಕಡೆಗೆ, ಸುತ್ತು ಸುತ್ತಾಗಿ ಒರೆಸುತ್ತೇನೆ. ಹಾಕಿಕೊಂಡು, ಅಕ್ಷರ ಚೂಪಾಗುವ ತನಕ ಮೇಲೆ ಕೆಳಗೆ ಸರಿಸಿ, ಆಮೇಲಷ್ಟೇ ಪಟ್ಟಿ ಬಿಗಿಯುತ್ತೇನೆ.

ಆ ಲೋಕದೊಳಗೆ ನನ್ನ ಹಳೇ ಗೆಳೆಯ ಕಾಯುತ್ತಿರುತ್ತಾನೆ. ಈಗ ಬೇರೆ ದೇಶದಲ್ಲಿದ್ದಾನೆ. ಇಬ್ಬರೂ ಟೇಬಲ್ ಟೆನಿಸ್ ಆಡುತ್ತೇವೆ. ಸರ್ವ್ ಮಾಡುವ ಮುಂಚೆ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುವುದು ಅವನ ಕಾಲೇಜು ದಿನಗಳ ಅಭ್ಯಾಸ. ಅವನ ಮುಖ ಬರೀ ಗೊಂಬೆ ಮುಖ, ಆದರೆ ಆ ವಾಲುವಿಕೆ ಅವನದೇ. ಮೊದಲ ದಿನ ಅದನ್ನು ನೋಡಿ ಬ್ಯಾಟ್ ಹಿಡಿದು ಸುಮ್ನೆ ನಿಂತುಬಿಟ್ಟೆ. ವಿಡಿಯೋ ಕಾಲ್‌ನಲ್ಲಿ ಇಷ್ಟು ವರ್ಷ ಮಾತಾಡಿದ್ದರೂ ಅದು ಕಂಡಿರಲಿಲ್ಲ. ನಾನು ಇದನ್ನು ಮಾರದೆ ಉಳಿಸಿಕೊಂಡಿರುವುದು ಈ ಒಂದೇ ಕಾರಣಕ್ಕೆ.

ಮುಂದೆ ಏನು ಬರುತ್ತದೆ? ಭಾರದ ಲೆಕ್ಕ ನೋಡಿದರೆ ದೊಡ್ಡ ಕಂಪನಿಗಳು ಅಷ್ಟೇನೂ ಮುಂದೆ ಹೋಗಿಲ್ಲ. ಮೆಟಾ ಕಂಪನಿಯ 2020ರ ಹೆಡ್‌ಸೆಟ್ ಕ್ವೆಸ್ಟ್ 2 ತೂಗುವುದು 503 ಗ್ರಾಂ, 2023ರ ಕ್ವೆಸ್ಟ್ 3 ತೂಗುವುದು 515 ಗ್ರಾಂ. ಆ್ಯಪಲ್‌ನ 2024ರ ವಿಷನ್ ಪ್ರೊ ಬ್ಯಾಟರಿಯನ್ನು ಜೇಬಿಗೆ ಇಳಿಸಿಯೂ ತಲೆ ಮೇಲೆ 600 ಗ್ರಾಂ ದಾಟುತ್ತದೆ. ಆದರೆ 2023ರಲ್ಲೇ ಬಂದ ಬಿಗ್‌ಸ್ಕ್ರೀನ್ ಬಿಯಾಂಡ್ ಬರೀ 127 ಗ್ರಾಂ. ಅದಕ್ಕೆ ಕಂಪ್ಯೂಟರ್‌ನಿಂದ ಕೇಬಲ್ ಬೇಕು, ನಿಜ. ಆದರೂ ಹಗುರ ಮಾಡಬಹುದು ಎಂದು ಗೊತ್ತಾಯಿತಲ್ಲ. ಪ್ಯಾನ್‌ಕೇಕ್ ಎಂಬ ಬಗೆಯ ಲೆನ್ಸ್ ಬೆಳಕನ್ನು ಒಳಗೇ ಮಡಚಿ ಪೆಟ್ಟಿಗೆಯನ್ನು ತೆಳ್ಳಗೆ ಮಾಡುತ್ತದೆ. ಬೆಳಕು ತುಂಬಾ ಸೋರಿಹೋಗುವುದರಿಂದ ಅದಕ್ಕೆ ಪ್ರಖರವಾದ ಪರದೆ ಬೇಕು. ಇನ್ನೆರಡು ಮೂರು ವರ್ಷದಲ್ಲಿ ಬ್ಯಾಟರಿ, ಚಿಪ್ ಎರಡೂ ಸೊಂಟಕ್ಕೋ ಜೇಬಿಗೋ ಇಳಿಯುತ್ತವೆ, ಮುಖದ ಮೇಲೆ ಲೆನ್ಸ್ ಮತ್ತು ಪರದೆಯಷ್ಟೇ ಉಳಿಯುತ್ತವೆ ಎಂಬುದು ನನ್ನ ಅಂದಾಜು.

ಕಣ್ಣಿನ ದಣಿವು ಅಷ್ಟು ಬೇಗ ಹೋಗುವುದಿಲ್ಲ. ಕೈ ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ. ಫೋಕಸ್ ಮಾತ್ರ ಲೆನ್ಸ್ ನಿಗದಿ ಮಾಡಿದ ದೂರದಲ್ಲೇ ನಿಂತಿರುತ್ತದೆ. ಇದು ಸರಿಹೋಗಲು ಜಾಸ್ತಿ ಕಾಲ ಬೇಕು.

ಒಂದು ಸಾಮಾನು ತಂದರೆ ನಾಲ್ಕೈದು ವರ್ಷ ಬಾಳಿಸುವವನು ನಾನು. ದಿನಕ್ಕೆ ಅರ್ಧ ಗಂಟೆ ಆಡಲು, ದೂರದವರ ಜೊತೆ ಸೇರಲು ಆದರೆ ಈಗಲೇ ತೆಗೆದುಕೊಳ್ಳಿ. ಇಡೀ ದಿನ ಕೆಲಸ ಮಾಡಲು ಅಂದರೆ ಕಾಯಿರಿ. ಕೇಬಲ್ ಇಲ್ಲದ ಹೆಡ್‌ಸೆಟ್ 300 ಗ್ರಾಂ ಒಳಗೆ ಬಂದ ದಿನ ನಾನೂ ಹೊಸದು ತರುತ್ತೇನೆ. ಅಲ್ಲಿವರೆಗೆ ವೆಲ್ಕ್ರೋ ಹಳತಾದಾಗ ಅದನ್ನಷ್ಟೇ ಬದಲಿಸುತ್ತೇನೆ.